ಕೆನಡಾದ ವೆಸ್ಟ್ ಕೋಸ್ಟ್ ಟ್ರೇಲ್‌ಗೆ ಹೊರಟಿದ್ದೇನೆ, ಕಾರವಾರದಲ್ಲಿದ್ದುಕೊಂಡು ತಯಾರಿ ಹೇಗೆ?

ಬೈತಖೋಲ ಮಾಸ್ತರ

ಎಲ್ಲರಿಗೂ ನಮಸ್ಕಾರ. ಮಗಳು ವ್ಯಾಂಕೂವರ್‌ನಲ್ಲಿದ್ದಾಳೆ. ಈ ಜುಲೈಗೆ ಬಾ ಅಪ್ಪ ಅಂತ ಕರೆದಿದ್ದಾಳೆ. ಊರು ಸುತ್ತಿಸುತ್ತಾಳೆ ಅಂದುಕೊಂಡರೆ ವೆಸ್ಟ್ ಕೋಸ್ಟ್ ಟ್ರೇಲ್ ಅಂತ ಒಂದಕ್ಕೆ ನಮ್ಮಿಬ್ಬರ ಹೆಸರು ಕೊಟ್ಟು ಕೂತಿದ್ದಾಳೆ. ವ್ಯಾಂಕೂವರ್ ದ್ವೀಪದ ಪಶ್ಚಿಮ ದಂಡೆ, 75 ಕಿಲೋಮೀಟರ್, ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಮಳೆಕಾಡು. ವಾರದ ಹತ್ತಿರ ನಡಿಗೆ, ರಾತ್ರಿ ಟೆಂಟು. ಗೈಡ್ ಇರುತ್ತಾರೆ. ಚೀಲ ಮಾತ್ರ ನಾವೇ ಹೊರಬೇಕಂತೆ.

ನನಗೆ ಅರವತ್ತಾಯಿತು, ಶಾಲೆಯಿಂದ ನಿವೃತ್ತಿಯೂ ಆಯಿತು. ದಿನಾ ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಬೆನ್ನ ಮೇಲೆ ಭಾರ ಹೊತ್ತು ನಡೆದ ಅಭ್ಯಾಸವೂ ಇಲ್ಲ.

ಕೇಳಬೇಕಾದದ್ದು ಇಷ್ಟು. ಗೈಡ್ ಅಂದರೆ ಅಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಅಷ್ಟು ದುಡ್ಡು ಕೊಟ್ಟದ್ದಕ್ಕೆ ಅರ್ಥ ಇದೆಯಾ? ನಮ್ಮ ಕಾರವಾರ, ಗೋಕರ್ಣ, ಶಿರಸಿ ಕಡೆ ಎಲ್ಲಿ ನಡೆದರೆ ಕಾಲು ಪಳಗುತ್ತದೆ? ಕೊನೆಯ ಪ್ರಶ್ನೆ ನನ್ನದಲ್ಲ, ಮನೆಯವರದ್ದು: ಕರಡಿ ಬಂದರೆ?

ತದಡಿ ದಕ್ಕೆ

ಮಾಸ್ತರೇ, ಸಮುದ್ರದ ಬದಿ ನಡೆಯೋಕೆ ಗೈಡ್ ಯಾಕೆ? ಒಂದು ಕಡೆ ನೀರು, ಒಂದು ಕಡೆ ಕಾಡು. ತಪ್ಪಿಸಿಕೊಳ್ಳೋದು ಎಲ್ಲಿಗೆ? ಗೋಕರ್ಣದಿಂದ ಬೇಲೆಕಾನ ಕಡೆ ನಡೆದು ಬರುವ ಬೆಂಗಳೂರಿನವರನ್ನು ಸೀಸನ್‌ನಲ್ಲಿ ದಿನಾ ನೋಡುತ್ತೇನೆ. ಮುಂದೆ ಗೈಡ್ ಅಂತ ಒಬ್ಬ ಹುಡುಗ, ಅವನ ಕೈಯಲ್ಲಿ ಫೋನು, ಫೋನಿನಲ್ಲಿ ಮ್ಯಾಪು. ಆ ಮ್ಯಾಪ್ ಉಳಿದವರ ಫೋನಿನಲ್ಲೂ ಇರುತ್ತದೆ. ಅದಕ್ಕೇ ತಲೆಗೆ ಸಾವಿರಗಟ್ಟಲೆ ಕೊಡುತ್ತಾರೆ. ಡಾಲರ್ ಲೆಕ್ಕದಲ್ಲಿ ಕೇಳಿದರೆ ನನಗೆ ತಲೆ ತಿರುಗಬಹುದು.

ವಿಕ್ಟೋರಿಯಾದ ಶಿರಸಿಯವಳು

ದಕ್ಕೆ ಅಣ್ಣ, ದಾರಿ ತಪ್ಪೋದಿಲ್ಲ ಅನ್ನೋದು ನಿಜ. ಗೈಡ್ ಇಲ್ಲದೆ ಹೋಗುವವರೂ ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಜನ ಸಿಕ್ಕಿಹಾಕಿಕೊಳ್ಳೋದು ಹೊತ್ತಿನ ಲೆಕ್ಕದಲ್ಲಿ. ನಾನು ಈ ಟ್ರೇಲನ್ನು ಗೈಡ್ ಜೊತೆಗೂ ನಡೆದಿದ್ದೇನೆ, ಗೆಳತಿಯರ ಜೊತೆ ನಮ್ಮಷ್ಟಕ್ಕೂ ನಡೆದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಉತ್ತರದ ತುದಿ ಪಚೀನಾ ಬೇ, ದಕ್ಷಿಣದ ತುದಿ ಗಾರ್ಡನ್ ರಿವರ್. ಕಿಲೋಮೀಟರ್ ಎಣಿಕೆ ಪಚೀನಾದಿಂದ. ವರ್ಷದಲ್ಲಿ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ತೆರೆದಿರುತ್ತದೆ. ಉತ್ತರದ ಅರ್ಧ ಸ್ವಲ್ಪ ಸಲೀಸು. ಮರಳು, ಚಪ್ಪಟೆ ಬಂಡೆಹಾಸು, 25ನೇ ಕಿಲೋಮೀಟರಿನ ಹತ್ತಿರ ಸೂಸಿಯಾಟ್ ಜಲಪಾತ, ಅದು ನೇರವಾಗಿ ಕಡಲದಂಡೆಗೇ ಬೀಳುತ್ತದೆ. ದಕ್ಷಿಣದ ಅರ್ಧ ಬೆವರಿಳಿಸುತ್ತದೆ. ಬೇರು, ರಾಡಿ, ಕೊರಕಲು, ಏಣಿ. ಇಡೀ ದಾರಿಯಲ್ಲಿ ಮರದ ಏಣಿಗಳು ನೂರಕ್ಕೂ ಜಾಸ್ತಿ ಇವೆ. ಹಳ್ಳ ಬಂತು ಅಂದರೆ ಒಂದರ ಕೆಳಗೊಂದು ಏಣಿ ಇಳಿಯಬೇಕು, ಆಚೆ ಕಡೆ ಅಷ್ಟೇ ಹತ್ತಬೇಕು, ಚೀಲ ಬೆನ್ನಿನ ಮೇಲೇ ಇರುತ್ತದೆ. ಕೆಲವು ಹೊಳೆಗಳಿಗೆ ತಂತಿಯ ಮೇಲೆ ಓಡುವ ಕೇಬಲ್ ಕಾರ್ ಇದೆ. ಹೆಸರು ಕೇಳಿ ಮೋಟಾರ್ ಇದೆ ಅಂದುಕೊಳ್ಳಬೇಡಿ. ಇಬ್ಬರು ಕೂತು ಹಗ್ಗ ಎಳೆದುಕೊಂಡು ಹೋಗೋದು. ಅರ್ಧ ದಾರಿ ತಾನೇ ಜಾರುತ್ತದೆ, ಉಳಿದರ್ಧದಲ್ಲಿ ತೋಳು ಸೋಲುತ್ತದೆ. ನಡುವೆ ನಿಟಿನಾಟ್ ನಾರೋಸ್ ಅನ್ನುವಲ್ಲಿ ನೀರು ಆಳ, ಸೆಳವು ಜೋರು. ಅಲ್ಲಿ ಡಿಟಿಡಾಟ್ ಸಮುದಾಯದವರ ದೋಣಿಯಲ್ಲೇ ದಾಟಬೇಕು.

ಇನ್ನು ಹೊತ್ತಿನ ವಿಷಯ. ದಾರಿ ಪೂರ್ತಿ ಕಾಡಿನಲ್ಲೂ ಇಲ್ಲ, ಪೂರ್ತಿ ದಂಡೆಯಲ್ಲೂ ಇಲ್ಲ. ಎಷ್ಟೋ ಕಡೆ ಎರಡೂ ಇರುತ್ತದೆ, ನೀರು ಇಳಿದಿದ್ದರೆ ದಂಡೆ, ಏರಿದ್ದರೆ ಕಾಡು. ಕಾರವಾರದಲ್ಲಿ ಹುಣ್ಣಿಮೆ ಅಮಾವಾಸ್ಯೆಗೂ ನೀರಿನ ಏರಿಳಿತ ಸುಮಾರು ಎರಡು ಮೀಟರ್ ಅಲ್ವಾ, ಅಲ್ಲಿ ಅದು ನಾಲ್ಕರ ಹತ್ತಿರ ಹೋಗುತ್ತದೆ. ದಕ್ಷಿಣದಲ್ಲಿ ಓವನ್ ಪಾಯಿಂಟ್ ಅಂತ ಸಮುದ್ರದೊಳಕ್ಕೆ ಮುಂದೆ ಬಂದ ನೆಲದ ಒಂದು ಚಾಚು ಇದೆ. ನೀರಿನ ಮಟ್ಟ 1.8 ಮೀಟರಿಗಿಂತ ಕೆಳಗಿದ್ದರೆ ಮಾತ್ರ ಅದನ್ನು ಸುತ್ತಬಹುದು. ಸುತ್ತಿದ ಮೇಲೂ ಥ್ರ್ಯಾಷರ್ ಕೋವ್‌ವರೆಗೆ ಮನೆಯಷ್ಟೆತ್ತರದ ಬಂಡೆಗಳನ್ನು ಹತ್ತಿ ಇಳಿದು ಹೋಗಬೇಕು, ಅದರ ಹೊತ್ತನ್ನೂ ಮೊದಲೇ ಸೇರಿಸಿಕೊಂಡಿರಬೇಕು. ನೀರು ಏರಿಳಿಯುವ ಹೊತ್ತಿಗೆ ನೋಡುವ ಪಟ್ಟಿ ಟೊಫಿನೋ ಊರಿನದ್ದು. ಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಟೈಮ್ ಕೊಟ್ಟಿದ್ದರೆ ಅದಕ್ಕೆ ಒಂದು ಗಂಟೆ ಕೂಡಿಸಬೇಕು, ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ಅಷ್ಟು ಮುಂದಿರುತ್ತದೆ. ಇದನ್ನು ಮರೆತು ಕಾಲು ಗಂಟೆಗೊಂದು ಸಲ ನೀರು ನೋಡುತ್ತಾ ನಿಂತವರನ್ನು ಕಂಡಿದ್ದೇನೆ.

ಒಳ್ಳೆಯ ಗೈಡ್ ಮಾಡುವುದು ಇದನ್ನೇ. ನಾಳೆ ಐದಕ್ಕೆ ಏಳಬೇಕಾ ಎಂಟಕ್ಕಾ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರು, ಅವರ ನಡಿಗೆಗೆ ಆ ಚಾಚು ದಾಟಲು ಆಗುತ್ತದಾ, ಆಗದಿದ್ದರೆ ಕಾಡಿನ ಕಡೆ ಎಲ್ಲಿ ಹತ್ತಬೇಕು, ಇದೆಲ್ಲ ಹಿಂದಿನ ರಾತ್ರಿ ಅವರ ತಲೆಯಲ್ಲಿ ಓಡಿರುತ್ತದೆ. ಅಡುಗೆ, ಟೆಂಟು, ಔಷಧಿ, ಉಪಗ್ರಹ ಫೋನು ಅವರ ಜವಾಬ್ದಾರಿ. ಹೆಚ್ಚಿನ ಕಂಪನಿಗಳಲ್ಲಿ ನಿಮ್ಮ ಬಟ್ಟೆ, ಸ್ಲೀಪಿಂಗ್ ಬ್ಯಾಗು, ಜೊತೆಗೆ ಗುಂಪಿನ ಊಟದಲ್ಲಿ ನಿಮ್ಮ ಪಾಲಿನ ತೂಕ ನಿಮ್ಮ ಬೆನ್ನಿಗೆ. ಗೈಡ್ ಇದ್ದಾರೆ ಅಂತ ಭಾರ ಕಡಿಮೆ ಆಗೋದಿಲ್ಲ ಮಾಸ್ತರೇ, ಅದೊಂದು ತಲೆಯಲ್ಲಿರಲಿ.

ಸುಮ್ನೆ ಓದುಗ

ಇಷ್ಟೆಲ್ಲ ಕೇಳಿದ ಮೇಲೆ ಮಾಸ್ತರ ಮನೆಯವರಿಗೆ ಕರಡಿಯೇ ವಾಸಿ ಅನ್ನಿಸಿರಬೇಕು.

ಬೈತಖೋಲ ಮಾಸ್ತರ

ನಗಬೇಡಿ ಮಾರಾಯ್ರೆ, ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಶಿರಸಿ ತಂಗಿ, ತುಂಬಾ ಉಪಕಾರ ಆಯಿತು. ಗಾರ್ಡನ್ ರಿವರ್ ಕಡೆಯಿಂದ ಶುರು ಅಂತ ಮಗಳು ಹೇಳಿದ ನೆನಪು. ಅದು ಒಳ್ಳೆಯದಾ ಕೆಟ್ಟದ್ದಾ? ಕರಡಿಗೆ ನೀನಾದರೂ ಉತ್ತರ ಹೇಳು. ನಮ್ಮದು ಸಸ್ಯಾಹಾರ, ಅದನ್ನೂ ಸ್ವಲ್ಪ ನೋಡು.

ವಿಕ್ಟೋರಿಯಾದ ಶಿರಸಿಯವಳು

ದಕ್ಷಿಣದಿಂದ ಹೊರಟರೆ ಕಷ್ಟದ ಭಾಗ ಮೊದಲು, ಅದೂ ಚೀಲ ಪೂರ್ತಿ ತುಂಬಿದ್ದಾಗ. ಉತ್ತರದಿಂದ ಹೊರಟರೆ ಏಣಿ ಬರುವ ಹೊತ್ತಿಗೆ ಊಟ ಖಾಲಿಯಾಗಿ ಚೀಲ ಹಗುರ, ಆದರೆ ಮೈ ದಣಿದಿರುತ್ತದೆ. ಅರವತ್ತರ ಮಂಡಿಗೆ ನನ್ನ ಓಟು ಉತ್ತರಕ್ಕೆ. ಕಂಪನಿಗೆ ದಿಕ್ಕು ಬದಲಿಸಲು ಆಗದಿದ್ದರೆ ತಲೆಬಿಸಿ ಬೇಡ, ಅವರು ಮೊದಲ ದಿನಗಳನ್ನು ಗಿಡ್ಡ ಇಟ್ಟಿರುತ್ತಾರೆ. ಕೇಳಿ ಖಚಿತ ಮಾಡಿಕೊಳ್ಳಿ.

ಕರಡಿ ಇದೆ. ಕರಿ ಕರಡಿ. ತೋಳ ಇದೆ, ಕೂಗರ್ ಅನ್ನುವ ದೊಡ್ಡ ಬೆಕ್ಕೂ ಇದೆ. ಕರಡಿಯನ್ನು ದೂರದಿಂದ ನೋಡಿದ್ದೇನೆ, ಇಳಿತದ ಹೊತ್ತಿಗೆ ದಂಡೆಯ ಕಲ್ಲು ಮಗುಚಿ ಏಡಿ ತಿನ್ನುತ್ತಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಬೇಕಾದ್ದು ನಿಮ್ಮ ಊಟ. ತಂಗುವ ಜಾಗಗಳಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದಾರೆ. ಊಟ, ಟೂತ್‌ಪೇಸ್ಟು, ಸೋಪು, ವಾಸನೆ ಬರುವ ಪ್ರತಿಯೊಂದೂ ರಾತ್ರಿ ಅದರೊಳಗೆ. ಟೆಂಟಿನಲ್ಲಿ ಒಂದು ಚಾಕಲೇಟ್ ಕೂಡ ಬೇಡ. ಗೆಳತಿಯೊಬ್ಬಳು ಹಿಂಗು ಹಾಕಿದ ಚಟ್ನಿಪುಡಿ ತಂದಿದ್ದಳು, ಬೆಳಿಗ್ಗೆ ಪೆಟ್ಟಿಗೆ ತೆರೆದ ಜರ್ಮನಿಯವರ ಮುಖ ನೋಡಬೇಕಿತ್ತು!

ಸಸ್ಯಾಹಾರ ಅಂತ ಕಂಪನಿಗೆ ಮೊದಲೇ ಬರೆಯಿರಿ, ಅಲ್ಲಿ ಅದು ಹೊಸದಲ್ಲ. ಮೊಟ್ಟೆ, ಮೀನು ಎರಡೂ ಬೇಡ ಅಂತ ಬಿಡಿಸಿ ಬರೆಯಿರಿ, ಮೀನನ್ನು ತರಕಾರಿ ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ತಂದರೆ ವಿಮಾನ ನಿಲ್ದಾಣದಲ್ಲಿ ತಿನಿಸು ಇದೆ ಅಂತ ಹೇಳಲೇಬೇಕು, ಮುಚ್ಚಿಟ್ಟರೆ ದಂಡ. ಮತ್ತೊಂದು. ಬಂಡೆಗೆ ಅಂಟಿದ ಚಿಪ್ಪುಗಳನ್ನು ಯಾರಾದರೂ ಕಿತ್ತು ಬೇಯಿಸಲು ಹೊರಟರೆ ತಡೆಯಿರಿ. ಅಘನಾಶಿನಿಯಲ್ಲಿ ಬೆಳಚು ತೆಗೆದು ಅಭ್ಯಾಸ ಇರುವ ನಮ್ಮವರಿಗೆ ಕೈ ತುರಿಸುತ್ತದೆ. ಆ ದಂಡೆಯಲ್ಲಿ ಪಾಚಿಯ ವಿಷ ಚಿಪ್ಪಿನೊಳಗೆ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು.

ಹುಲೇಕಲ್ ರಸ್ತೆ

ತಯಾರಿಯ ಬಗ್ಗೆ ನನ್ನ ಎರಡು ಮಾತು. ಮಾಸ್ತರೇ, ಕಡಲತೀರದ ನಡಿಗೆ ಸಾಕಾಗಲ್ಲ. ಟ್ಯಾಗೋರ್ ತೀರ ಸಪಾಟು. ನಿಮಗೆ ಬೇಕಾದದ್ದು ಇಳಿಜಾರು, ಮೆಟ್ಟಿಲು, ಜಾರುವ ನೆಲ. ಚೀಲಕ್ಕೆ ಮೊದಲು ಐದು ಕಿಲೋ ಅಕ್ಕಿ ಹಾಕಿ. ವಾರ ಕಳೆದ ಹಾಗೆ ಹೆಚ್ಚಿಸಿ. ಅಕ್ಕಿ ಯಾಕೆಂದರೆ ಚೀಲದಲ್ಲಿ ಸರಿಯಾಗಿ ಕೂರುತ್ತದೆ, ಬೇಜಾರಾದ ದಿನ ಮನೆಗೆ ತಂದು ಅನ್ನ ಮಾಡಬಹುದು.

ನಿಮ್ಮೂರಲ್ಲೇ ಗುಡ್ಡೆಹಳ್ಳಿ ಗುಡ್ಡ ಇದೆಯಲ್ಲ, ಹತ್ತಿ ಇಳಿಯಿರಿ. ಭಾರ ಹೊತ್ತು ಇಳಿಯುವಾಗಲೇ ತೊಡೆ ನಡುಗೋದು, ಅದಕ್ಕೇ ಇಳಿಯೋದನ್ನು ಬಿಡಬೇಡಿ. ಒಂದು ದಿನ ಈ ಕಡೆ ಬಂದರೆ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಅದು ನೋಡೋಕೆ. ನಿಮಗೆ ಬೇಕಾದ್ದು ಅದರ ಸುತ್ತಲ ಕಾಡುದಾರಿ, ವಿಭೂತಿ ಜಲಪಾತದ ಕಡೆಯ ಇಳಿಜಾರು.

ಜೂನ್ ಮಳೆ ಶುರುವಾದ ಮೇಲೆ ನಿಮಗೆ ಸಿಗುವ ಒಂದೆರಡು ವಾರ ಇದೆಯಲ್ಲ, ಅದನ್ನು ಮನೆಯಲ್ಲಿ ಕೂತು ಕಳೆಯಬೇಡಿ. ನೆಂಟರ ತೋಟ ಇದ್ದರೆ ಬನ್ನಿ. ಅಡಿಕೆ ಮರದ ಸಂಕದ ಮೇಲೆ ಚೀಲ ಹೊತ್ತು ದಾಟುವುದನ್ನು ಕಲಿಯಿರಿ, ಹಲಗೆ ದಾರಿ, ಮರದ ದಿಮ್ಮಿ ಎಲ್ಲ ಅಲ್ಲಿಯೂ ಹಾಗೇ ಪಾಚಿ ಕಟ್ಟಿರುತ್ತದೆ ಅಂತ ಫೋಟೋ ನೋಡಿದರೆ ಗೊತ್ತಾಗುತ್ತದೆ. ಹೆಜ್ಜೆ ಗಿಡ್ಡ, ಪಾದ ಸಪಾಟಾಗಿ ಇಡಬೇಕು. ನಮ್ಮ ತೋಟದ ಹೆಂಗಸರು ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಮಾತಾಡುತ್ತಾ ದಾಟುತ್ತಾರೆ, ಅವರ ಪಾದ ನೋಡಿ ಸಾಕು. ಸಂಕದ ಕೆಳಗೆ ನೀರು ಜೋರಾಗಿದ್ದ ದಿನ ಮಾತ್ರ ಬೇಡ. ಉಂಬಳ ಹತ್ತಿದರೆ ಸುಣ್ಣ, ಉಪ್ಪು, ಅದೆಲ್ಲ ನಿಮಗೆ ಹೇಳಬೇಕಿಲ್ಲ.

ಹೊನ್ನಾವರ ಡಾಕ್ಟ್ರು

ಹುಲೇಕಲ್ ಅವರು ಹೇಳಿದ್ದು ಸರಿ, ಆದರೆ ಎರಡು ಎಚ್ಚರಿಕೆ ಇಲ್ಲದೆ ಮಾಸ್ತರನ್ನು ಕಾಡಿಗೆ ಕಳಿಸಬೇಡಿ.

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಈಗ ಸಿದ್ದಾಪುರ, ಹೊನ್ನಾವರ ಕಡೆಗೂ ಬರುತ್ತದೆ. ಹರಡುವುದು ಉಣುಗಿನಿಂದ. ಒಣಗಿದ ತರಗೆಲೆ ಮೇಲೆ ಕೂರಬೇಡಿ, ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಅಂತ ಬರುತ್ತದೆ, ಆರೋಗ್ಯ ಕೇಂದ್ರದಲ್ಲಿ ಕೇಳಿ ಹಚ್ಚಿಕೊಳ್ಳಿ. ಹೋಗುವ ಕಾಡಿನ ಸುತ್ತ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ನಡೆದು ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಇದನ್ನು ಹೇಳದೆ ಬರುವವರೇ ಜಾಸ್ತಿ.

ಜೂನ್‌ನಲ್ಲಿ ಇಲಿಜ್ವರ. ಕಾಲಿನಲ್ಲಿ ಗಾಯ ಇದ್ದಾಗ ಗದ್ದೆ, ತೋಟದ ನಿಂತ ನೀರಿನಲ್ಲಿ ಬರಿಗಾಲಿನಲ್ಲಿ ನಡೆಯಬೇಡಿ.

ಕೆನಡಾದಲ್ಲಿ ನೀವು ಭಯಪಡಬೇಕಾದ್ದು ಕರಡಿಗಿಂತ ಚಳಿಗೆ. ಜುಲೈಯಲ್ಲಿ ನಮಗೆ ಜೋರು ಮಳೆ, ಅಲ್ಲಿ ಅದು ವರ್ಷದ ಒಣ ತಿಂಗಳು. ಹಾಗಂತ ಮಳೆ ಬರುವುದೇ ಇಲ್ಲ ಅಂತಲ್ಲ. ನಮ್ಮ ಮಳೆಯಲ್ಲಿ ಇಡೀ ದಿನ ನೆನೆದರೂ ಮೈ ಬೆಚ್ಚಗಿರುತ್ತದೆ. ಅಲ್ಲಿ ಒದ್ದೆ ಬಟ್ಟೆ, ಗಾಳಿ, ಹತ್ತು ಹನ್ನೆರಡು ಡಿಗ್ರಿ ಸೇರಿದರೆ ಒಂದು ಗಂಟೆಯಲ್ಲಿ ಕೈ ನಡುಗಲು ಶುರುವಾಗುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂದವಾಗುತ್ತದೆ. ಹತ್ತಿ ಬನಿಯನ್ನು, ಜೀನ್ಸು ಮನೆಯಲ್ಲೇ ಬಿಡಿ. ಉಣ್ಣೆ ಅಥವಾ ಸಿಂಥೆಟಿಕ್. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮಲಗುವಾಗ ಮಾತ್ರ ತೆಗೆಯಿರಿ, ಎಷ್ಟೇ ಆಸೆಯಾದರೂ ಹಗಲು ಅದನ್ನು ಹಾಕಬೇಡಿ. ಮಂಡಿಗೆ ಎರಡು ಕೋಲು. ಪ್ರವಾಸದ ಆರೋಗ್ಯ ವಿಮೆ ಮಾಡಿಸಿ, ಅದರಲ್ಲಿ ಟ್ರೆಕ್ಕಿಂಗ್ ಮತ್ತು ಕಾಡಿನಿಂದ ಹೊರತರುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಅಲ್ಲಿ ಕಾಲು ಉಳುಕಿದರೂ ದೋಣಿಯಲ್ಲೇ ಹೊರಗೆ ತರಬೇಕಾಗಬಹುದು.

ಕುಮಟಾ ಲೋಕಲ್

ಗೋಕರ್ಣದಿಂದ ಕುಮಟಾಕ್ಕೆ ನಡೆಯಿರಿ ಮಾಸ್ತರೇ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ, ಆಮೇಲೆ ತದಡಿ. ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ದಾಟಿ, ಅಲ್ಲಿಂದ ಗುಡ್ಡ, ಬಂಡೆ, ಸಣ್ಣ ಸಣ್ಣ ತೀರ ಹತ್ತಿಳಿದು ಕಡ್ಲೆ, ವನ್ನಳ್ಳಿ, ಕುಮಟಾ. ಎರಡು ದಿನ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯದು, ಈಗ ಹೊರಡುವುದಾದರೆ ಬೆಳಿಗ್ಗೆ ಬೇಗ ಹೊರಟು ಹತ್ತರೊಳಗೆ ನೆರಳು ಹಿಡಿಯಿರಿ. ಅರಣ್ಯದ ಜಾಗ ಎಲ್ಲಿದೆ, ಎಲ್ಲಿ ಬಿಡುತ್ತಾರೆ ಎಲ್ಲಿ ಬಿಡುವುದಿಲ್ಲ ಅಂತ ಊರಿನವರನ್ನೇ ಮೊದಲು ಕೇಳಿ. ಜಂಬಿಟ್ಟಿಗೆ ಗುಡ್ಡದ ಅಂಚಿನಲ್ಲಿ ನಿಂತು ಫೋಟೋ ತೆಗೆಯಬೇಡಿ, ಮೇಲೆ ಗಟ್ಟಿ ಕಾಣುತ್ತದೆ, ಕೆಳಗೆ ಅಲೆ ಕೊರೆದಿರುತ್ತದೆ.

ಗೈಡ್ ವಿಷಯಕ್ಕೆ ಬಂದರೆ, ಕಳೆದ ಸೀಸನ್‌ನಲ್ಲಿ ಕಣ್ಣಾರೆ ಕಂಡದ್ದು. ಹೊರಗಿನ ಒಂದು ತಂಡ, ಹೆಸರು ಬೇಡ. ನದಿ ದಾಟಿ ಈಚೆ ಬಂದು ಬಂಡೆ ಬದಿಯಿಂದ ಸುತ್ತುತ್ತಿದ್ದರು. ನೀರು ಏರುತ್ತಿತ್ತು. ಮುಂದಿದ್ದ ಹುಡುಗ ಫೋನು ನೋಡಿ ಇನ್ನು ಮುನ್ನೂರು ಮೀಟರ್ ಅಷ್ಟೇ ಅನ್ನುತ್ತಾ ನಡೆದ. ಮ್ಯಾಪಿನಲ್ಲಿ ಮುನ್ನೂರು ಮೀಟರ್ ಸರಿಯಾಗೇ ಇತ್ತು, ನೀರು ಇರಲಿಲ್ಲ. ಹಿಂದೆ ಬರುವ ದಾರಿಯೂ ಮುಚ್ಚಿತು. ಸಿಂಪಿ ಹತ್ತಿದ ಬಂಡೆ ಹಿಡಿದು ಅಂಗೈ ಕೊಯ್ದುಕೊಂಡವರು ಮೂರ್ನಾಲ್ಕು ಜನ. ಕೊನೆಗೆ ಬಲೆ ಬಿಡಲು ಬಂದ ದೋಣಿಯವರು ಒಬ್ಬೊಬ್ಬರನ್ನೇ ಹತ್ತಿಸಿಕೊಂಡರು. ಆ ದೋಣಿಯವರಲ್ಲಿ ಒಬ್ಬರನ್ನು ಬೆಳಿಗ್ಗೆಯೇ ಜೊತೆಗೆ ಕರೆದಿದ್ದರೆ ಇದ್ಯಾವುದೂ ಇರಲಿಲ್ಲ. ಅವರಿಗೆ ಒಂದು ದಿನದ ಕೂಲಿ ಕೊಡಲು ಈ ತಂಡಗಳಿಗೆ ಕೈ ಬರುವುದಿಲ್ಲ, ಟೀ ಶರ್ಟ್ ಅಚ್ಚು ಹಾಕಿಸಲು ಬರುತ್ತದೆ.

ತದಡಿ ದಕ್ಕೆ

ಅದೇ ಅಲ್ವಾ ನಾನೂ ಹೇಳಿದ್ದು. ಆ ಫೋನು ಹಿಡಿದವನನ್ನು ಗೈಡ್ ಅಂತ ಕರೆಯೋದೇ ನನಗೆ ಸಿಟ್ಟು. ಶಿರಸಿ ತಂಗಿ ಹೇಳಿದಂಥ ಗೈಡ್ ಆದರೆ ದುಡ್ಡು ಕೊಡಲಿ, ಬೇಡ ಅನ್ನಲ್ಲ.

ನಮ್ಮಲ್ಲಿ ಪಟ್ಟಿ ಯಾರೂ ನೋಡಲ್ಲ. ತಿಥಿ ಹೇಳಿದರೆ ನೀರಿನ ಹೊತ್ತು ಹೇಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಮಧ್ಯಾಹ್ನದ ಸುಮಾರಿಗೆ ನೀರು ತುಂಬಿರುತ್ತದೆ, ಸಂಜೆಗೆ ಚೆನ್ನಾಗಿ ಇಳಿದಿರುತ್ತದೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆ, ಒಂದೊಂದು ದಿನ ಸ್ವಲ್ಪ ಜಾಸ್ತಿ, ಮುಂದೆ ಹೋಗುತ್ತದೆ. ಅಷ್ಟಮಿ ಹತ್ತಿರ ಬಂದಾಗ ಇಳಿತ ನಡುಹಗಲಿಗೆ ಬರುತ್ತದೆ, ಆದರೆ ಆಗ ನೀರು ಅಷ್ಟು ಕೆಳಗೂ ಹೋಗಲ್ಲ, ಅಷ್ಟು ಮೇಲೂ ಬರಲ್ಲ. ಗಾಳಿ ಎದ್ದ ದಿನ ಈ ಲೆಕ್ಕ ನಂಬಬೇಡಿ. ಮಾಸ್ತರಿಗೆ ಲೆಕ್ಕ ಕಲಿಯೋ ಮನಸ್ಸಿದ್ದರೆ ಒಂದು ತಿಂಗಳು ಬೈತಖೋಲದಲ್ಲೇ ಬೆಳಿಗ್ಗೆ ಸಂಜೆ ಒಂದೇ ಬಂಡೆ ನೋಡಲಿ. ಕೆನಡಾಕ್ಕೆ ಹೋದ ಮೇಲೆ ಗೈಡ್ ಹೇಳುವುದು ಅರ್ಧ ಮಾತಿನಲ್ಲೇ ಗೊತ್ತಾಗುತ್ತದೆ.

ಗಂಗಾವಳಿ ಹುಡುಗ

ಒಂದು ಪ್ರಶ್ನೆ, ವಿಷಯ ಸ್ವಲ್ಪ ಆಚೆ ಹೋಗುತ್ತದೆ. ಅವರಿಗೆ 75 ಕಿಲೋಮೀಟರ್ ಇದೆ, ನಮ್ಮ ಜಿಲ್ಲೆಗೆ ಮಾಜಾಳಿಯಿಂದ ಭಟ್ಕಳದವರೆಗೆ ಅದಕ್ಕಿಂತ ಉದ್ದದ ದಂಡೆ ಇದೆ. ಘಟ್ಟ ಇಷ್ಟು ಹತ್ತಿರ ಸಮುದ್ರಕ್ಕೆ ಬರುವುದು ಬೇರೆ ಎಲ್ಲಿ? ನಾವೂ ಹೀಗೆ ಒಂದು ದಾರಿ ಮಾಡಬಾರದಾ? ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ.

ಬೈತಖೋಲ ಮಾಸ್ತರ

ಮಾಡಬಹುದು ತಮ್ಮ, ಆದರೆ ತುಂಡು ತುಂಡಾಗಿ. ಮಾಜಾಳಿಯಿಂದ ತಿಳಮಾತಿಯ ಕರಿ ಮರಳಿನ ತೀರ ಒಂದು ತುಂಡು. ಕಾರವಾರ ದಾಟಿದ ಕೂಡಲೇ ಅರಗಾ ಕಡೆ ನೌಕಾನೆಲೆ, ಅಲ್ಲಿ ದಂಡೆಗೆ ನಮಗೆ ಪ್ರವೇಶ ಇಲ್ಲ, ಆ ಹಳ್ಳಿಗಳ ಜನರೇ ಜಾಗ ಬಿಟ್ಟುಕೊಟ್ಟು ಒಳಗೆ ಬಂದಿದ್ದಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದೊಂದು ಅಳಿವೆಗೂ ದೋಣಿ ಬೇಕು. ಸೇತುವೆಯಾದರೂ ಇದೆಯಲ್ಲ ಅನ್ನಬೇಡ, ನಮ್ಮ ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ನದಿಗೇ ಬಿತ್ತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿನ್ನ ಗಂಗಾವಳಿಗೇ. ಮಳೆಗಾಲದಲ್ಲಿ ಈ ದಂಡೆಯಲ್ಲಿ ಯಾರನ್ನೂ ನಡೆಸುವ ಮಾತೇ ಇಲ್ಲ. ಉಳಿದದ್ದು ನಾಲ್ಕೈದು ತಿಂಗಳು.

ಕುಮಟಾ ಲೋಕಲ್

ಆ ನಾಲ್ಕೈದು ತಿಂಗಳೇ ಆಮೆ ಮೊಟ್ಟೆ ಇಡುವ ಕಾಲ. ದೇವಬಾಗ, ಮಾಜಾಳಿ, ಕಾಸರಕೋಡು ಟೊಂಕ ಎಲ್ಲ ಕಡೆ ಕಡಲಾಮೆ ರಾತ್ರಿ ಮೇಲೆ ಬರುತ್ತದೆ. ಈಗಲೇ ಮರಳಿನ ಮೇಲೆ ಟೆಂಟು, ಬಿಳಿ ಲೈಟು, ಡಿಜೆ. ಬೆಳಕು ಕಂಡರೆ ತಾಯಿ ಆಮೆ ವಾಪಸ್ ಹೋಗುತ್ತದೆ, ಮರಿಗಳು ಸಮುದ್ರ ಬಿಟ್ಟು ಲೈಟಿನ ಕಡೆ ತೆವಳುತ್ತವೆ. ದಾರಿ ಮಾಡುವುದಾದರೆ ರಾತ್ರಿ ಮರಳಿನ ಮೇಲೆ ಮಲಗಿಸುವುದು ಬೇಡ, ಊರಿನ ಮನೆಗಳಲ್ಲಿ ಇರಿಸಿ. ಚಾಪೆ, ಗಂಜಿ, ಒಣಮೀನು, ಬೇಡದವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ. ದುಡ್ಡೂ ಊರಿಗೇ ಬರುತ್ತದೆ.

ಸುಮ್ನೆ ಓದುಗ

ಗಂಜಿ ಒಣಮೀನಿಗೆ ನಾನು ನಡೆಯದೆಯೂ ಬರುತ್ತೇನೆ.

ವಿಕ್ಟೋರಿಯಾದ ಶಿರಸಿಯವಳು

ಗಂಗಾವಳಿ ತಮ್ಮ, ಆ ದಾರಿ ಪ್ರವಾಸಕ್ಕೆ ಅಂತ ಹುಟ್ಟಿದ್ದಲ್ಲ. ಅದಕ್ಕೂ ಮೊದಲು ಅಲ್ಲಿಯ ಮೂಲನಿವಾಸಿಗಳ ಓಡಾಟದ ದಾರಿ, ಆಮೇಲೆ ತಂತಿ ಸಂದೇಶದ ಲೈನು ಎಳೆದ ದಾರಿ. 1906ರ ಜನವರಿಯಲ್ಲಿ ವೆಲೆನ್ಸಿಯಾ ಅನ್ನುವ ಹಡಗು ಅಲ್ಲಿ ಬಂಡೆಗೆ ಬಡಿಯಿತು. ದಂಡೆ ಕಣ್ಣೆದುರೇ ಇತ್ತು. ಆದರೂ ನೂರಕ್ಕೂ ಹೆಚ್ಚು ಜನ ಸತ್ತರು, ದಡ ಸೇರಿದವರಿಗೂ ಕಾಡಿನಲ್ಲಿ ಹೋಗಲು ಸರಿಯಾದ ದಾರಿ ಇರಲಿಲ್ಲ. ಆಮೇಲೆ ಸರ್ಕಾರ ಹಡಗು ಒಡೆದವರು ನಡೆದು ಬದುಕಿಕೊಳ್ಳಲಿ ಅಂತ ದಾರಿ, ಗುಡಿಸಲು, ದೀಪಸ್ತಂಭ ಮಾಡಿಸಿತು. ಈಗ ನಡೆಯುವವರು ಅದರ ಮೇಲೇ ನಡೆಯುವುದು.

ಹೂ-ಎ-ಆಟ್, ಡಿಟಿಡಾಟ್, ಪಚಿಡಾಟ್, ಈ ಮೂರು ಸಮುದಾಯಗಳ ನೆಲ ಅದು. ಅವರ ಕಡೆಯವರೇ ಗಾರ್ಡಿಯನ್ ಅಂತ ದಾರಿ ಕಾಯುತ್ತಾರೆ, ಹಲಗೆ ರಿಪೇರಿ ಮಾಡುತ್ತಾರೆ. ಅವರ ಹಳೆಯ ಊರಿನ ಜಾಗಗಳಿಗೆ ದಾರಿ ಬಿಟ್ಟು ನುಗ್ಗುವ ಹಾಗಿಲ್ಲ. ಹೊರಡುವ ಮೊದಲು ಎಲ್ಲರೂ ಕೂತು ನಿಯಮ ಕೇಳಲೇಬೇಕು, ಗೈಡ್ ಇದ್ದರೂ ಬಿಡುವುದಿಲ್ಲ. ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ. ನಮ್ಮಲ್ಲಿ ಮಾಡುವುದಾದರೆ ಏಣಿ, ಹಲಗೆ ಆಮೇಲೆ. ದೋಣಿಯವರು, ಬೆಳಚು ತೆಗೆಯುವವರು, ಹಾಲಕ್ಕಿಗಳು, ಇವರನ್ನು ಮೊದಲು ಕೂರಿಸಿ ಕೇಳಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿದೆ, ಅಲ್ಲಿ ಯಾರು ಎಲ್ಲಿ ಕಾಲಿಡಬೇಕು ಅನ್ನುವುದು ಸಣ್ಣ ವಿಷಯ ಅಲ್ಲ.

ಗಂಗಾವಳಿ ಹುಡುಗ

ಒಪ್ಪಿದೆ ಅಕ್ಕ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಮಾಸ್ತರ ಪ್ರಶ್ನೆ ಹಾಳು ಮಾಡಲ್ಲ.

ಬೈತಖೋಲ ಮಾಸ್ತರ

ಹಾಳೇನೂ ಆಗಲಿಲ್ಲ. ಬೂಟಿನ ವಿಷಯ ಒಂದು ಉಳಿಯಿತು. ಮಗಳು ಅಲ್ಲೇ ಕೊಡಿಸುತ್ತೇನೆ ಅನ್ನುತ್ತಾಳೆ.

ವಿಕ್ಟೋರಿಯಾದ ಶಿರಸಿಯವಳು

ಬೇಡ! ಹೊಸ ಬೂಟಿನಲ್ಲಿ ಆ ದಾರಿಗೆ ಹೋಗಲೇಬೇಡಿ. ಹಿಮ್ಮಡಿ ಗಂಟಿನ ಮೇಲೆ ಬರುವ ಎತ್ತರದ ಬೂಟು ಈಗಲೇ ಕೊಂಡು, ಗುಡ್ಡೆಹಳ್ಳಿಯಲ್ಲಿ ಅದನ್ನೇ ಹಾಕಿ ನಡೆಯಿರಿ. ರಾಡಿ ಒಳಗೆ ಹೋಗದ ಹಾಗೆ ಗೇಟರ್ ಅಂತ ಬಟ್ಟೆಯ ಪಟ್ಟಿ ಬರುತ್ತದೆ, ಅದನ್ನು ಇಲ್ಲಿ ಕೆನಡಾದಲ್ಲೇ ತೆಗೆದುಕೊಳ್ಳಬಹುದು. ಟೆಂಟಿನ ಹತ್ತಿರ ಹಾಕಲು, ಹೊಳೆ ದಾಟಲು ಹಿಂದೆ ಪಟ್ಟಿ ಇರುವ ಹಗುರ ಸ್ಯಾಂಡಲ್. ಚೀಲದ ತೂಕ ನಿಮ್ಮ ಮೈತೂಕದ ಕಾಲು ಭಾಗ ದಾಟದಿರಲಿ. ಹೊಳೆಗೆ ಇಳಿಯುವ ಮೊದಲು ಚೀಲದ ಸೊಂಟದ ಬಕಲ್ ಬಿಚ್ಚಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಏಣಿಯಲ್ಲಿ ಕೋಲನ್ನು ಕೈಯಲ್ಲಿ ಹಿಡಿಯಬೇಡಿ, ಚೀಲಕ್ಕೆ ಕಟ್ಟಿ. ಒಬ್ಬರು ಇಳಿದು ಪಕ್ಕಕ್ಕೆ ಸರಿದ ಮೇಲೆ ಇನ್ನೊಬ್ಬರು.

ಹೊನ್ನಾವರ ಡಾಕ್ಟ್ರು

ಹೊರಡುವ ಮೊದಲು ಒಂದು ಇಸಿಜಿ, ಟ್ರೆಡ್‌ಮಿಲ್ ಟೆಸ್ಟು ಮಾಡಿಸಿ. ಅರವತ್ತು ದಾಟಿದವರಿಗೆ ನಾನು ಹೇಳಿಯೇ ಹೇಳುತ್ತೇನೆ.

ತದಡಿ ದಕ್ಕೆ

ಮಾಸ್ತರೇ, ಗೋಕರ್ಣ ಕಡೆಯಿಂದ ನಡೆದು ಬರುವ ದಿನ ಗೊತ್ತಾದರೆ ಇಲ್ಲೇ ಬರೆಯಿರಿ. ಅಷ್ಟಮಿ ಆಸುಪಾಸಿನ ದಿನ ನೋಡಿ. ತದಡಿಯಲ್ಲಿ ದೋಣಿ ನಾನು ಹೇಳಿಡುತ್ತೇನೆ. ಆಚೆ ದಡದಿಂದ ಕಡ್ಲೆವರೆಗೆ ಜೊತೆಗೆ ಬರಲು ನಮ್ಮ ಕೇರಿಯ ಒಬ್ಬರಿದ್ದಾರೆ, ಬಲೆ ಕೆಲಸ ಬಿಟ್ಟು ಬರಬೇಕು, ಆ ದಿನದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಫೋನಿನಲ್ಲಿ ಮ್ಯಾಪ್ ಇಲ್ಲ ಅವರ ಹತ್ತಿರ.

ಬೈತಖೋಲ ಮಾಸ್ತರ

ಪಂಚಾಂಗ ನೋಡಿ ಸಂಜೆ ಬರೆಯುತ್ತೇನೆ. ಇಬ್ಬರಿಗೆ ಹೇಳಿಡಿ, ಮನೆಯವರೂ ಬರುತ್ತಾಳಂತೆ. ಅವಳ ಚೀಲಕ್ಕೆ ಎಷ್ಟು ಅಕ್ಕಿ ಅಂತ ಕೇಳಿದ್ದಕ್ಕೆ, ಅದನ್ನೂ ನೀವೇ ಹೊತ್ತುಕೊಳ್ಳಿ, ಅಭ್ಯಾಸ ಆಗುತ್ತದೆ ಅಂದಳು.